ಇ20 ಪೆಟ್ರೋಲ್ ಮತ್ತು ಹಳೆ ಬೈಕು: ಓಡಿಸಿದರೆ ಕೆಡುವುದಕ್ಕಿಂತ ನಿಲ್ಲಿಸಿದರೆ ಕೆಡುವುದೇ ಹೆಚ್ಚು

2025ರ ಆಗಸ್ಟ್‌ನಿಂದ ಹಳೆ ಬೈಕು ಇಟ್ಟುಕೊಂಡವರ ಕಿವಿಗೆ ಬೀಳುತ್ತಿರುವ ಮಾತುಗಳು ಒಂದಕ್ಕೊಂದು ತಾಳೆಯಾಗುತ್ತಿಲ್ಲ. ಶೇ 20 ಎಥನಾಲ್ ಬೆರೆತ ಪೆಟ್ರೋಲಿನಿಂದ (ಇ20) ಎಂಜಿನ್‌ಗೆ ತೊಂದರೆ ಇಲ್ಲ ಎಂದು ಪೆಟ್ರೋಲಿಯಂ ಸಚಿವಾಲಯ ಹೇಳಿತು. ಅದೇ ಹೇಳಿಕೆಯಲ್ಲಿ, ಕೆಲವು ಹಳೆ ವಾಹನಗಳ ರಬ್ಬರ್ ಭಾಗ ಮತ್ತು ಗ್ಯಾಸ್ಕೆಟ್‌ಗಳನ್ನು ತುಸು ಬೇಗ ಬದಲಿಸಬೇಕಾಗಬಹುದು ಎಂಬ ಸಾಲೂ ಇತ್ತು. ಒಬ್ಬ ಯೆಜ್ಡಿ ಸವಾರ ‘ಈ ಪೆಟ್ರೋಲಿನಿಂದಲೇ ಪಿಸ್ಟನ್ ಹಿಡಿಯಿತು’ ಅನ್ನುತ್ತಾನೆ. ಇನ್ನೊಬ್ಬ ಬುಲೆಟ್ ಸವಾರ ‘ಅದನ್ನೇ ಹಾಕಿ ಓಡಿಸುತ್ತಿದ್ದೇನೆ, ಏನೂ ಆಗಿಲ್ಲ’ ಅನ್ನುತ್ತಾನೆ.

ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಮಿಶ್ರಣದ ತೊಂದರೆ, ರಬ್ಬರು-ಲೋಹದ ತೊಂದರೆ, ನೀರಿನ ತೊಂದರೆ ಇವು ಮೂರೂ ಬೇರೆ ಬೇರೆ. ಚರ್ಚೆಯಲ್ಲಿ ಇವನ್ನೆಲ್ಲ ಒಂದೇ ಗಂಟಿಗೆ ಕಟ್ಟಿ ‘ಇ20’ ಎಂಬ ಹೆಸರಿಟ್ಟಿದ್ದೇವೆ. ಮೂರಕ್ಕೂ ಕಾರಣ ಬೇರೆ, ಪರಿಹಾರ ಬೇರೆ. ಎಲ್ಲರೂ ಜಗಳವಾಡುತ್ತಿರುವ ಮೈಲೇಜ್ ಈ ಮೂರರಲ್ಲಿ ಒಂದೂ ಅಲ್ಲ.

ಇಲ್ಲಿಗೆ ಬಂದ ದಾರಿ

2014ರ ಹೊತ್ತಿಗೆ ದೇಶದ ಪೆಟ್ರೋಲಿನಲ್ಲಿ ಎಥನಾಲ್ ಪಾಲು ಸುಮಾರು ಶೇ 1.5 ಮಾತ್ರ. 2018ರ ಜೈವಿಕ ಇಂಧನ ನೀತಿ 2030ರೊಳಗೆ ಶೇ 20ರ ಗುರಿ ಇಟ್ಟಿತು. ಆ ಗುರಿಯನ್ನು ಆಮೇಲೆ 2025-26ಕ್ಕೆ ಹಿಂದಕ್ಕೆಳೆದರು. ಶೇ 10ರ ಮಟ್ಟ 2022ರ ಜೂನ್‌ನಲ್ಲೇ ಸಿಕ್ಕಿತು. 2023ರ ಫೆಬ್ರುವರಿ 6ರಂದು ಬೆಂಗಳೂರಿನಲ್ಲಿ ನಡೆದ ಇಂಡಿಯಾ ಎನರ್ಜಿ ವೀಕ್‌ನಲ್ಲಿ ಇ20 ಬಿಡುಗಡೆಯಾಯಿತು. ಮೊದಲಿಗೆ 11 ರಾಜ್ಯ ಮತ್ತು ಕೇಂದ್ರಾಡಳಿತ ಪ್ರದೇಶಗಳ 84 ಬಂಕುಗಳಲ್ಲಿ ಮಾತ್ರ ಸಿಗುತ್ತಿತ್ತು. ಎರಡೇ ವರ್ಷದಲ್ಲಿ ಅದು ದೇಶದ ಸಾಮಾನ್ಯ ಪೆಟ್ರೋಲೇ ಆಯಿತು.

ಹಳೆ ಗಾಡಿಗಳ ಮಟ್ಟಿಗೆ ಮುಖ್ಯವಾದ ಕಾಗದ 2021ರ ಜೂನ್‌ನಲ್ಲಿ ನೀತಿ ಆಯೋಗ ಮತ್ತು ಪೆಟ್ರೋಲಿಯಂ ಸಚಿವಾಲಯ ಹೊರತಂದ ಮಾರ್ಗಸೂಚಿ. ಇ10ಕ್ಕೆ, ಅಂದರೆ ಶೇ 10ರ ಮಿಶ್ರಣಕ್ಕೆ, ಹೊಂದಿಸಿದ ದ್ವಿಚಕ್ರ ವಾಹನಗಳಲ್ಲಿ ಇ20 ಹಾಕಿದರೆ ಇಂಧನ ಕ್ಷಮತೆ ಶೇ 3ರಿಂದ 4ರಷ್ಟು ಇಳಿಯುತ್ತದೆ ಎಂಬ ಅಂದಾಜು ಅದರಲ್ಲಿದೆ. ಹಳೆ ವಾಹನಗಳ ರಕ್ಷಣೆಗಾಗಿ ಇ10 ಪೆಟ್ರೋಲನ್ನು ದೇಶದಾದ್ಯಂತ ಮುಂದುವರಿಸಬೇಕು ಎಂಬ ಶಿಫಾರಸೂ ಅದರಲ್ಲೇ ಇದೆ. ಮೊದಲನೆಯದನ್ನು ಎಲ್ಲರೂ ಉಲ್ಲೇಖಿಸುತ್ತಾರೆ. ಎರಡನೆಯದು ಬಂಕಿನವರೆಗೆ ಬರಲೇ ಇಲ್ಲ. ಈಗಿನ ತಕರಾರಿನ ಬೇರು ಇರುವುದೂ ಅಲ್ಲೇ.

ಯಾರ ವಾದ ಏನು

ಸರ್ಕಾರದ ವಾದಕ್ಕೆ ತೂಕವಿದೆ. ಕಚ್ಚಾತೈಲದ ಆಮದು ತಗ್ಗಿಸಿ 1.4 ಲಕ್ಷ ಕೋಟಿ ರೂಪಾಯಿಗೂ ಹೆಚ್ಚು ವಿದೇಶಿ ವಿನಿಮಯ ಉಳಿಸಿದ್ದೇವೆ ಎಂದು ಅದು ಲೆಕ್ಕ ಕೊಡುತ್ತದೆ. ಕಬ್ಬು ಮತ್ತು ಮೆಕ್ಕೆಜೋಳದ ಬೆಳೆಗಾರರಿಗೆ ಎಥನಾಲ್ ಇನ್ನೊಂದು ಮಾರುಕಟ್ಟೆ. 2025ರ ನವೆಂಬರ್‌ನಲ್ಲಿ ಬೆಳಗಾವಿ ಸೀಮೆಯ ಕಬ್ಬು ಬೆಳೆಗಾರರು ಬೀದಿಗಿಳಿದಾಗ, ರಾಜ್ಯದ ಕಾರ್ಖಾನೆಗಳಿಗೆ ಎಥನಾಲ್ ಹಂಚಿಕೆ ಸಾಲದು ಎಂದು ಕರ್ನಾಟಕ ಸರ್ಕಾರವೇ ದೂರಿತ್ತು. ಹೀಗಾಗಿ ಎಥನಾಲನ್ನು ಪೂರ್ತಿ ಕೈಬಿಡಿ ಎಂಬ ಬೇಡಿಕೆಗೆ ನಮ್ಮ ರಾಜ್ಯದಲ್ಲಿ ರಾಜಕೀಯ ಬೆಂಬಲ ಸಿಗುವ ಮಾತೇ ಇಲ್ಲ.

ಬೈಕು ಇಟ್ಟುಕೊಂಡವರು ಕೇಳುತ್ತಿರುವುದು ಅದನ್ನಲ್ಲ, ಆಯ್ಕೆಯನ್ನು. ಎಥನಾಲ್ ಬೆರೆಸದ ಪೆಟ್ರೋಲೂ ಸಿಗಬೇಕು, ಬಂಕಿನಲ್ಲಿ ಎಥನಾಲ್ ಪ್ರಮಾಣವನ್ನು ನಮೂದಿಸಬೇಕು ಎಂದು ಕೋರಿದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯನ್ನು ಸುಪ್ರೀಂ ಕೋರ್ಟ್ 2025ರ ಸೆಪ್ಟೆಂಬರ್ 1ರಂದು ವಜಾ ಮಾಡಿತು.

ಸಚಿವಾಲಯ ಮುಂದಿಟ್ಟ ಪುರಾವೆಯ ಸ್ವರೂಪವನ್ನು ಗಮನಿಸಬೇಕು. ಕಾರ್ಬ್ಯುರೇಟರ್ (ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್ನಿಗೆ ಕೊಡುವ ಹಳೆ ಸಾಧನ) ಮತ್ತು ಫ್ಯೂಯೆಲ್ ಇಂಜೆಕ್ಷನ್ ವಾಹನಗಳನ್ನು ಅವುಗಳ ಮೊದಲ 1,00,000 ಕಿ.ಮೀ. ವರೆಗೆ ಪ್ರತಿ 10,000 ಕಿ.ಮೀ.ಗೆ ಒಮ್ಮೆ ಪರೀಕ್ಷಿಸಿದಾಗ ಶಕ್ತಿ, ಟಾರ್ಕ್, ಇಂಧನ ಬಳಕೆಯಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ ಎಂಬ ಅಂತರರಾಷ್ಟ್ರೀಯ ಅಧ್ಯಯನಗಳನ್ನು ಅದು ಮುಂದಿಟ್ಟಿತು. ಇದನ್ನು ಸುಳ್ಳೆಂದು ತಳ್ಳಿಹಾಕಬೇಕಿಲ್ಲ. ಆದರೆ ಅದು ಬಿಡದೆ ಓಡುವ ವಾಹನದ ಪರೀಕ್ಷೆ. ಟ್ಯಾಂಕಿಗೆ ಹಾಕಿದ ಪೆಟ್ರೋಲ್ ವಾರದೊಳಗೆ ಉರಿದು ಹೋಗುವ, ಪೈಪು-ವಾಷರುಗಳಿಗೆ ಇನ್ನೂ ವಯಸ್ಸಾಗದ ವಾಹನ. ಭಾನುವಾರ ಬೆಳಿಗ್ಗೆ 40 ಕಿ.ಮೀ. ಓಡಿ ಮುಂದಿನ ಮೂರು ವಾರ ಶೆಡ್ಡಿನಲ್ಲಿ ನಿಲ್ಲುವ 1974ರ ಯೆಜ್ಡಿಯ ಬಗ್ಗೆ ಆ ಪರೀಕ್ಷೆ ಹೌದೂ ಅನ್ನುವುದಿಲ್ಲ, ಅಲ್ಲವೂ ಅನ್ನುವುದಿಲ್ಲ.

ಮೈಲೇಜ್ ಲೆಕ್ಕ ಇಷ್ಟೇ

ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 32 ಮೆಗಾಜೂಲ್ ಶಕ್ತಿ, ಒಂದು ಲೀಟರ್ ಎಥನಾಲ್‌ನಲ್ಲಿ ಸುಮಾರು 21. ಐದನೇ ಒಂದು ಭಾಗ ಬೆರೆಸಿದರೆ ಲೀಟರಿಗೆ ಶೇ 6.5ರಿಂದ 7ರಷ್ಟು ಶಕ್ತಿ ಕಡಿಮೆ. ಲೀಟರಿಗೆ 35 ಕಿ.ಮೀ. ಕೊಡುತ್ತಿದ್ದ ಗಾಡಿ ಕೆಟ್ಟದೆಂದರೆ 32.5 ಕೊಟ್ಟೀತು. ವರ್ಷಕ್ಕೆ 1,500 ಕಿ.ಮೀ. ಓಡಿಸುವ ಹವ್ಯಾಸಿಗೆ ಇದು 3 ಲೀಟರ್ ಚಿಲ್ಲರೆ ಹೆಚ್ಚುವರಿ ಖರ್ಚು. ಮೈಲೇಜ್ ಕಾಲು ಭಾಗ ಕುಸಿದಿದೆ ಎಂದಾದರೆ ಎಥನಾಲನ್ನು ಬಿಟ್ಟು ಬ್ರೇಕ್ ಉಜ್ಜುತ್ತಿದೆಯೇ, ಕಾರ್ಬ್ಯುರೇಟರ್ ಬಟ್ಟಲು ತುಂಬಿ ಹರಿಯುತ್ತಿದೆಯೇ ಎಂದು ನೋಡುವುದು ವಾಸಿ.

ಮೊದಲ ತೊಂದರೆ: ಜೆಟ್ಟಿಗೆ ಬುದ್ಧಿ ಇಲ್ಲ

ಪೆಟ್ರೋಲ್ ಪೂರ್ತಿ ಉರಿಯಲು ತೂಕದಲ್ಲಿ ಅದರ 14.7 ಪಟ್ಟು ಗಾಳಿ ಬೇಕು. ಎಥನಾಲ್‌ಗೆ 9 ಪಟ್ಟು ಸಾಕು, ಏಕೆಂದರೆ ಅದರೊಳಗೇ ಆಮ್ಲಜನಕ ಇದೆ. ಇ10ಕ್ಕೆ ಈ ಅನುಪಾತ ಸುಮಾರು 14.1, ಇ20ಗೆ ಸುಮಾರು 13.5. ಹೊಸ ಬೈಕಿನಲ್ಲಿ ಸೈಲೆನ್ಸರ್ ಪೈಪಿನ ಸೆನ್ಸರ್ ಇದನ್ನು ಗ್ರಹಿಸಿ ಪೆಟ್ರೋಲ್ ಹೆಚ್ಚಿಸುತ್ತದೆ. ಕಾರ್ಬ್ಯುರೇಟರ್‌ನ ಹಿತ್ತಾಳೆ ಜೆಟ್ ಅಂದರೆ ಒಂದು ತೂತು. ಎದುರು ಬಂದದ್ದನ್ನು ಅಷ್ಟೇ ಅಳತೆಯಲ್ಲಿ ಬಿಡುವುದು ಅದರ ಕೆಲಸ. ಆದ್ದರಿಂದ ಬರೀ ಪೆಟ್ರೋಲಿಗೆ ಹೊಂದಿಸಿದ ಗಾಡಿಗೆ ಇ10 ಹಾಕಿದಾಗ ಮಿಶ್ರಣ ಶೇ 4ರಷ್ಟು ಲೀನ್ (ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ) ಆಗುತ್ತದೆ, ಇ20 ಹಾಕಿದಾಗ ಶೇ 8ರಷ್ಟು.

ಬುಲೆಟ್ ಸವಾರನೂ ಯೆಜ್ಡಿ ಸವಾರನೂ ಏಕಕಾಲಕ್ಕೆ ಸರಿ ಎಂದದ್ದು ಇದಕ್ಕೇ. ಹಳೆ ನಿಧಾನಗತಿಯ ಫೋರ್-ಸ್ಟ್ರೋಕ್ ಎಂಜಿನ್ನುಗಳನ್ನು ಕಾರ್ಖಾನೆಯಲ್ಲೇ ರಿಚ್ ಆಗಿ ಹೊಂದಿಸಿರುತ್ತಿದ್ದರು. ಬೇಕಾದ್ದಕ್ಕಿಂತ ಶೇ 12-13 ಹೆಚ್ಚು ಪೆಟ್ರೋಲ್ ಕುಡಿಯುತ್ತಿದ್ದ ಎಂಜಿನ್ ಶೇ 8ರಷ್ಟು ಲೀನ್ ಆದರೂ ರಿಚ್ ಕಡೆಯೇ ಉಳಿಯುತ್ತದೆ. ಕೆಲವು ಗಾಡಿಗಳು ಮೊದಲಿಗಿಂತ ಚೆನ್ನಾಗಿ ಓಡಿದರೂ ಆಶ್ಚರ್ಯವಿಲ್ಲ. ಅದೇ ಗಾಡಿಗೆ ಏರ್ ಫಿಲ್ಟರ್ ಡಬ್ಬಿ ಕಿತ್ತು ಬಯಲು ಫಿಲ್ಟರ್ ಹಾಕಿ, ಸದ್ದು ಮಾಡುವ ಸೈಲೆನ್ಸರ್ ಸಿಕ್ಕಿಸಿ, ಜೆಟ್ ಮಾತ್ರ ಹಳೆಯದೇ ಬಿಟ್ಟಿದ್ದರೆ ಅದು ಮೊದಲೇ ಲೀನ್ ಅಂಚಿನಲ್ಲಿರುತ್ತದೆ. ಇ20 ಅದನ್ನು ಅಂಚಿನಿಂದ ಆಚೆ ತಳ್ಳುತ್ತದೆ.

ಲೀನ್ ಆದ ಗಾಡಿ ಮಾತಾಡುತ್ತದೆ. ತಣ್ಣಗಿದ್ದಾಗ ಚೋಕ್ ಎಳೆದು ಕಿಕ್ ಹೊಡೆದರೂ ಹತ್ತಾರು ಸಲ ಸತಾಯಿಸುತ್ತದೆ. ಇದರಲ್ಲಿ ಎಥನಾಲ್‌ದೇ ಇನ್ನೊಂದು ಪಾಲಿದೆ, ಅದು ಆವಿಯಾಗಲು ಪೆಟ್ರೋಲಿಗಿಂತ ಎರಡೂವರೆ ಪಟ್ಟು ಶಾಖ ಹೀರುತ್ತದೆ. ಅರ್ಧ ಥ್ರಾಟಲ್‌ನಲ್ಲಿ ತಡವರಿಸುತ್ತದೆ. ಇಳಿಜಾರಿನಲ್ಲಿ ಥ್ರಾಟಲ್ ಬಿಟ್ಟಾಗ ಸೈಲೆನ್ಸರ್‌ನಲ್ಲಿ ಪಟಪಟ ಸಿಡಿಯುತ್ತದೆ. ಕ್ರೋಮ್ ಬೆಂಡ್‌ಪೈಪ್ ನೀಲಿಗಟ್ಟುತ್ತದೆ.

ಸರಿಪಡಿಸುವ ಮುನ್ನ ಗಾಳಿ ಎಲ್ಲಿಂದಾದರೂ ಕಳ್ಳದಾರಿಯಲ್ಲಿ ನುಗ್ಗುತ್ತಿದೆಯೇ ನೋಡಬೇಕು. ಮ್ಯಾನಿಫೋಲ್ಡ್ ಗ್ಯಾಸ್ಕೆಟ್ ಸೋರಿದರೂ, ಟೂ-ಸ್ಟ್ರೋಕ್‌ನಲ್ಲಿ ಕ್ರ್ಯಾಂಕ್‌ನ ಆಯಿಲ್ ಸೀಲ್ ಸವೆದಿದ್ದರೂ ಇವೇ ಲಕ್ಷಣ ಕಾಣುತ್ತವೆ. ಎಂಜಿನ್ ಐಡಲ್‌ನಲ್ಲಿರುವಾಗ ಕಾರ್ಬ್ಯುರೇಟರ್ ಕೂಡುವ ಜಾಗಕ್ಕೆ ಎರಡು ಹನಿ ಎಂಜಿನ್ ಆಯಿಲ್ ಬಿಡಿ. ಸದ್ದು ಬದಲಾದರೆ ಸೋರಿಕೆ ಅಲ್ಲೇ. ಥ್ರಾಟಲ್ ಬಿಟ್ಟರೂ ಆರ್‌ಪಿಎಂ ಕೆಳಗಿಳಿಯದೆ ತೇಲುತ್ತಿದ್ದರೆ ಸೀಲಿನ ಮೇಲೆ ಅನುಮಾನಪಡಿ. ನಲವತ್ತು ವರ್ಷದ ಸೀಲಿನ ತಪ್ಪನ್ನು ಎಥನಾಲ್ ತಲೆಗೆ ಕಟ್ಟುವುದು ಈಗ ಎಲ್ಲ ಕಡೆ ನಡೆಯುತ್ತಿದೆ.

ಸೋರಿಕೆ ಇಲ್ಲವೆಂದು ಖಾತ್ರಿಯಾದ ಮೇಲೆ ಜೆಟ್. ಇಲ್ಲಿ ಲೆಕ್ಕ ತಪ್ಪುವವರೇ ಹೆಚ್ಚು. ಜೆಟ್ಟಿನ ಮೇಲಿನ ಸಂಖ್ಯೆ ಕೆಲವು ತಯಾರಿಕೆಗಳಲ್ಲಿ ತೂತಿನ ವ್ಯಾಸ, ಅಂದರೆ 100 ಎಂದರೆ 1 ಮಿ.ಮೀ. ಇನ್ನು ಕೆಲವದರಲ್ಲಿ, ಹಳೆ ಅಮಲ್ ಕಾರ್ಬ್ಯುರೇಟರ್‌ನಲ್ಲಿರುವಂತೆ, ನಿಮಿಷಕ್ಕೆ ಹರಿಯುವ ಪೆಟ್ರೋಲಿನ ಪ್ರಮಾಣ. ಹರಿವು ಶೇ 8 ಹೆಚ್ಚಬೇಕೆಂದರೆ ಹರಿವಿನ ಸಂಖ್ಯೆಯಲ್ಲಿ 100 ಇದ್ದದ್ದು 108 ಆಗಬೇಕು. ವ್ಯಾಸದ ಸಂಖ್ಯೆಯಲ್ಲಾದರೆ 104 ಸಾಕು, ಏಕೆಂದರೆ ಹರಿವು ವ್ಯಾಸದ ವರ್ಗದಂತೆ ಏರುತ್ತದೆ. ವ್ಯಾಸದ ಜೆಟ್ಟನ್ನು 108 ಮಾಡಿದರೆ ಪೆಟ್ರೋಲ್ ಶೇ 16-17 ಹೆಚ್ಚು ಹರಿದು ಸ್ಪಾರ್ಕ್ ಪ್ಲಗ್ ಮಸಿ ಹಿಡಿಯುತ್ತದೆ. ಸೂಜಿ, ರೀಮರ್ ಹಾಕಿ ತೂತು ದೊಡ್ಡ ಮಾಡುವ ಸಾಹಸ ಬೇಡ. ತೂತಿನ ಅಂಚು ಹಾಳಾದರೆ ಯಾವ ಲೆಕ್ಕವೂ ಕೂಡುವುದಿಲ್ಲ.

ಕ್ರಮ ಹೀಗಿರಲಿ: ಮೊದಲು ಮೇನ್ ಜೆಟ್ (ಪೂರ್ತಿ ಥ್ರಾಟಲ್‌ನ ಜೆಟ್) ಒಂದು ಮೆಟ್ಟಿಲು ದೊಡ್ಡದು. ಆಮೇಲೆ ಕಾರ್ಬ್ಯುರೇಟರ್ ಒಳಗಿನ ಸೂಜಿಯ ಕ್ಲಿಪ್ ಒಂದು ಗೀರು ಕೆಳಗೆ, ಹಾಗೆ ಮಾಡಿದರೆ ಸೂಜಿ ಮೇಲೇರಿ ಅರ್ಧ ಥ್ರಾಟಲ್‌ನಲ್ಲಿ ಪೆಟ್ರೋಲ್ ಹೆಚ್ಚುತ್ತದೆ. ಕೊನೆಗೆ ಎಂಜಿನ್ ಬಿಸಿಯಾದ ಮೇಲೆ ಐಡಲ್ ಹೊಂದಾಣಿಕೆ. ಮಿಕುನಿ ವಿಎಂ ಮತ್ತು ಅಮಲ್ ಮಾದರಿಗಳಲ್ಲಿರುವುದು ಗಾಳಿಯ ಸ್ಕ್ರೂ, ಒಳಕ್ಕೆ ತಿರುಗಿಸಿದರೆ ರಿಚ್. ಪೂರ್ತಿ ಒಳಗೆ ಹೋಗಿ ಕೂತರೂ ಐಡಲ್ ಸರಿಯಾಗದಿದ್ದರೆ ಪೈಲಟ್ ಜೆಟ್ (ಐಡಲ್‌ಗೆ ಪೆಟ್ರೋಲ್ ಕೊಡುವ ಜೆಟ್) ಒಂದು ಮೆಟ್ಟಿಲು ದೊಡ್ಡದು ಬೇಕು ಎಂದರ್ಥ. ಪ್ಲಗ್ ನೋಡಿ ತೀರ್ಮಾನಿಸುವವರಿಗೆ ಒಂದು ಎಚ್ಚರಿಕೆ: ಎಥನಾಲ್ ಮಸಿ ಕಡಿಮೆ ಬಿಡುವುದರಿಂದ ಮಿಶ್ರಣ ಸರಿಯಿದ್ದರೂ ಪಿಂಗಾಣಿ ಹಿಂದಿನಷ್ಟು ಕಂದು ಆಗುವುದಿಲ್ಲ. ಕಾಫಿ ಬಣ್ಣ ಬರಲೇಬೇಕೆಂದು ಜೆಟ್ ಏರಿಸುತ್ತ ಹೋದರೆ ಅತಿಯಾಗುತ್ತದೆ.

ಇ20ಯ ಆಕ್ಟೇನ್ (ಎಂಜಿನ್ ಬಡಿತ ತಡೆಯುವ ಗುಣದ ಅಳತೆ) 95 ಎಂದು ಸಚಿವಾಲಯ ಹೆಮ್ಮೆಯಿಂದ ಹೇಳುತ್ತದೆ. ನಿಜ, ಆದರೆ 7:1ರ ಆಸುಪಾಸಿನ ಕಂಪ್ರೆಶನ್ ಇರುವ ಹಳೆ ಎಂಜಿನ್ನಿಗೆ ಅದರಿಂದ ಸಿಗುವ ಲಾಭ ಸೊನ್ನೆ.

ಟೂ-ಸ್ಟ್ರೋಕ್‌ಗೆ ಒಂದು ಮಾತು ಬೇರೆ

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ಹೊರಬಿಟ್ಟ ಜಾವಾ, ಯೆಜ್ಡಿಗಳು ರಾಜ್ಯದ ಹಳೆ ಬೈಕು ಹವ್ಯಾಸದ ಬೆನ್ನೆಲುಬು. ಇವಕ್ಕೆ ಆಯಿಲನ್ನು ಪೆಟ್ರೋಲಿಗೇ ಬೆರೆಸಬೇಕು, 25:1 ಎಂದರೆ ಲೀಟರಿಗೆ 40 ಮಿ.ಲೀ. ಟೂ-ಟಿ ಆಯಿಲ್. ಲೀನ್ ಮಿಶ್ರಣದಲ್ಲಿ ಆಯಿಲ್ ಪ್ರಮಾಣ ಇಳಿಯುವುದಿಲ್ಲ, ಜೆಟ್ಟಿನಿಂದ ಹರಿಯುವ ಒಟ್ಟು ಪ್ರಮಾಣ ಅಷ್ಟೇ ಇರುತ್ತದೆ. ಏರುವುದು ಶಾಖ. ಘಾಟಿಯಲ್ಲಿ ಮೂರನೇ ಗೇರಿನಲ್ಲಿ ಪೂರ್ತಿ ಥ್ರಾಟಲ್ ಕೊಟ್ಟು ಹತ್ತು ನಿಮಿಷ ಎಳೆಸಿದರೆ ಪಿಸ್ಟನ್ ಹಿಗ್ಗಿ ಸಿಲಿಂಡರ್ ಗೋಡೆಗೆ ಹಿಡಿಯುತ್ತದೆ. ಆಯಿಲ್ ಜಾಸ್ತಿ ಸುರಿದರೆ ಬಚಾವ್ ಎಂಬ ನಂಬಿಕೆ ತಿರುಗುಬಾಣ: ಆಯಿಲ್ ಹೆಚ್ಚಾದಷ್ಟೂ ಅದೇ ತೂತಿನಲ್ಲಿ ಪೆಟ್ರೋಲಿನ ಪಾಲು ಕಡಿಮೆಯಾಗಿ ಮಿಶ್ರಣ ಇನ್ನಷ್ಟು ಲೀನ್ ಆಗುತ್ತದೆ. ಯಮಹಾ ಆರ್‌ಎಕ್ಸ್100ರಲ್ಲಿ ಆಯಿಲ್ ಪಂಪ್ ಬೇರೆಯೇ ಇರುವುದರಿಂದ ಆ ಗೊಂದಲ ಇಲ್ಲ. ಲೀನ್ ಆಗುವ ಅಪಾಯ ಮಾತ್ರ ಅಷ್ಟೇ ಇದೆ.

ಎರಡನೇ ತೊಂದರೆ: ರಬ್ಬರ್, ಕಾರ್ಕ್, ಅರಗು

ಬಡಗಿಗಳು ಪಾಲಿಶ್ ಮಾಡಲು ಅರಗಿನ ಚಕ್ಕೆಯನ್ನು ಸ್ಪಿರಿಟ್‌ನಲ್ಲಿ ಕರಗಿಸುತ್ತಾರೆ. ಎರಡನೇ ಮಹಾಯುದ್ಧ ಕಾಲದ ಹಾರ್ಲೆಯಂಥ ಬೈಕುಗಳ ಕಾರ್ಬ್ಯುರೇಟರ್‌ನಲ್ಲಿ ತೇಲುವ ಫ್ಲೋಟ್ ಕಾರ್ಕಿನದು, ಅದಕ್ಕೆ ಬಳಿದದ್ದು ಇದೇ ಅರಗು. ಪೆಟ್ರೋಲಿಗೆ ಅದು ಜಗ್ಗುವುದಿಲ್ಲ, ಎಥನಾಲ್‌ಗೆ ಕರಗುತ್ತದೆ. ಅರಗು ಹೋದ ಕಾರ್ಕ್ ಪೆಟ್ರೋಲ್ ಕುಡಿದು ಭಾರವಾಗಿ ಮುಳುಗುತ್ತದೆ, ಕಾರ್ಬ್ಯುರೇಟರ್ ತುಂಬಿ ಹರಿಯುತ್ತದೆ, ಕರಗಿದ ಅರಗು ಜೆಟ್ಟಿನಲ್ಲಿ ಅಂಟಿಕೊಳ್ಳುತ್ತದೆ. ಇಂಥ ಬೈಕು ಇದ್ದರೆ ಎಥನಾಲ್ ತಡೆಯುವ ಬದಲಿ ಫ್ಲೋಟ್ ಹಾಕುವವರೆಗೆ ಇ20 ಮುಟ್ಟಿಸಬಾರದು. ಹಿತ್ತಾಳೆ ಫ್ಲೋಟ್ ಇರುವವರು ನಿಶ್ಚಿಂತೆಯಿಂದಿರಬಹುದು.

ನಮ್ಮಲ್ಲಿ ಹೆಚ್ಚಾಗಿ ಕೈಕೊಡುವುದು ಪೆಟ್ರೋಲ್ ಪೈಪ್. ಒಳಗಿನ ಪೆಟ್ರೋಲ್ ಕಾಣುವಂಥ ಪಾರದರ್ಶಕ ಪ್ಲಾಸ್ಟಿಕ್ ಪೈಪನ್ನು ಬಹಳ ಜನ ಇಷ್ಟಪಡುತ್ತಾರೆ. ಅದನ್ನು ಮೆತ್ತಗೆ ಇಡುವ ಅಂಶವನ್ನು ಎಥನಾಲ್ ಹೀರಿ ತೆಗೆಯುತ್ತದೆ. ಕೆಲವು ತಿಂಗಳಲ್ಲಿ ಪೈಪ್ ಹಳದಿಗಟ್ಟಿ, ಬೆರಳಲ್ಲಿ ಬಗ್ಗಿಸಿದರೆ ಒಣ ಕಡ್ಡಿಯಂತೆ ಸೆಟೆಯುತ್ತದೆ. ಒಡೆಯುವುದು ನಡುವೆ ಅಲ್ಲ, ಕ್ಲಿಪ್ ಬಿಗಿದ ಅಂಚಿನಲ್ಲಿ. ಅದರ ಕೆಳಗಿರುವುದು ಬಿಸಿ ಸಿಲಿಂಡರ್. ಬದಲಿಗೆ ಒಳಪದರದಲ್ಲಿ ಫ್ಲೋರೋ ರಬ್ಬರ್ ಇರುವ, ಎಸ್‌ಎಇ ಜೆ30 ಆರ್9 ಎಂದು ಮುದ್ರಿಸಿದ ಪೈಪ್ ಹಾಕಿ. ಅದರ ಜತೆಗೆ ಕಾರ್ಬ್ಯುರೇಟರ್‌ನ ಓ-ರಿಂಗ್, ಫ್ಲೋಟ್ ನೀಡಲ್‌ನ ತುದಿ, ಕಾಕ್‌ನ (ಟ್ಯಾಂಕಿನ ತಳದ ಪೆಟ್ರೋಲ್ ನಲ್ಲಿ) ವಾಷರ್ ಇವೂ ವಿಟಾನ್ ಎಂಬ ಫ್ಲೋರೋ ರಬ್ಬರಿನವು ಆಗಲಿ. ಮಾಮೂಲಿ ನೈಟ್ರೈಲ್ ರಬ್ಬರ್ ಕರಗುವುದಿಲ್ಲ, ಊದಿಕೊಳ್ಳುತ್ತದೆ. ಊದಿದ ಓ-ರಿಂಗನ್ನು ಬಿಚ್ಚಿದರೆ ಮತ್ತೆ ಅದರ ತೋಡಿನಲ್ಲಿ ಕೂರುವುದಿಲ್ಲ; ಆದ್ದರಿಂದ ಕಾರ್ಬ್ಯುರೇಟರ್ ಬಿಚ್ಚುವ ಮುನ್ನ ಹೊಸ ಸೆಟ್ ಕೈಯಲ್ಲಿರಬೇಕು.

ಟ್ಯಾಂಕಿನೊಳಗೆ ಮೊದಲು ಯಾರೋ ಬಳಿದ ಸೀಲರ್ ಇದ್ದರೆ ಟಾರ್ಚ್ ಬಿಟ್ಟು ನೋಡಿ. ಹಳೆ ಬಗೆಯ ಸೀಲರ್‌ಗಳನ್ನು ಎಥನಾಲ್ ಹಪ್ಪಳದಂತೆ ಎಬ್ಬಿಸುತ್ತದೆ, ಚೂರುಗಳು ಕಾಕ್‌ನ ಜರಡಿಗೆ ಬಂದು ಕೂರುತ್ತವೆ. ಸೀಲರ್ ಇಲ್ಲದೆ ಬರೀ ತುಕ್ಕು ಇದ್ದರೆ ಕಾಕ್ ಬಿಚ್ಚಿ ತೂತು ಮುಚ್ಚಿ, ಲೀಟರ್ ಬಿಸಿನೀರಿಗೆ 50ರಿಂದ 100 ಗ್ರಾಂ ಸಿಟ್ರಿಕ್ ಆಸಿಡ್ ಬೆರೆಸಿ 12ರಿಂದ 24 ಗಂಟೆ ತುಂಬಿಡಬಹುದು. ಚೆಲ್ಲಿದ ಕೂಡಲೇ ವಾಷಿಂಗ್ ಸೋಡಾ ನೀರಿನಲ್ಲಿ ತೊಳೆದು, ಪೆಟ್ರೋಲ್ ಆವಿ ಚೂರೂ ಉಳಿದಿಲ್ಲ ಎಂದು ಖಾತ್ರಿ ಮಾಡಿಕೊಂಡು ಬಿಸಿಗಾಳಿಯಲ್ಲಿ ಒಣಗಿಸಿ, ಅರ್ಧ ಕಪ್ ಟೂ-ಟಿ ಆಯಿಲ್ ಸುರಿದು ಎಲ್ಲ ಮೂಲೆಗೂ ತಾಗುವಂತೆ ಹೊರಳಾಡಿಸಬೇಕು. ತಡಮಾಡಿದರೆ ಕಣ್ಣೆದುರೇ ಮತ್ತೆ ಕೆಂಪಗಾಗುತ್ತದೆ. ಫೈಬರ್‌ಗ್ಲಾಸ್ ಟ್ಯಾಂಕಿಗೆ ಮಾತ್ರ ಯಾವ ಉಪಚಾರವೂ ಇಲ್ಲ. ಅದರ ರೆಸಿನ್ ಮೆತ್ತಗಾಗುತ್ತದೆ, ಅಷ್ಟೇ.

ಸಚಿವಾಲಯ ಹೇಳಿದ ‘ಸುಲಭವಾಗಿ ಬದಲಿಸಬಹುದಾದ ರಬ್ಬರ್ ಭಾಗ’ ಎಂಬ ಮಾತು ಈ ವಿಭಾಗದ ಮಟ್ಟಿಗೆ ಬಹುಪಾಲು ನಿಜ. ಒಂದು ದಿನದ ಕೆಲಸ, ಒಂದೇ ಸಲದ ಖರ್ಚು. ತಯಾರಿಕೆಯೇ ನಿಂತು ಮೂವತ್ತು ವರ್ಷವಾದ ಗಾಡಿಗೆ ‘ಸರ್ವಿಸ್ ಸೆಂಟರ್‌ನಲ್ಲಿ’ ಬದಲಿಸಿಕೊಳ್ಳಿ ಅನ್ನುವುದು ಮಾತ್ರ ತಮಾಷೆ. ಓ-ರಿಂಗನ್ನು ಕ್ಯಾಲಿಪರ್‌ನಲ್ಲಿ ಅಳೆದು, ಒಳವ್ಯಾಸ ಮತ್ತು ದಪ್ಪ ಬರೆದುಕೊಂಡು ಕೈಗಾರಿಕಾ ಸೀಲ್ ಮಾರುವವರಲ್ಲಿ ಹುಡುಕುವುದೇ ದಾರಿ.

ಮೂರನೇ ತೊಂದರೆ: ನಿಂತ ಗಾಡಿ

ಪೆಟ್ರೋಲಿಗೂ ನೀರಿಗೂ ಆಗಿಬರುವುದಿಲ್ಲ. ಎಥನಾಲ್‌ಗೆ ಇಬ್ಬರೂ ನೆಂಟರು. ಅದು ನೀರನ್ನು ಕರೆದುಕೊಂಡು ಬಂದು ಪೆಟ್ರೋಲಿನೊಳಗೆ ಕೂರಿಸುತ್ತದೆ, ಒಂದು ಮಿತಿಯವರೆಗೆ. ಇ10ರಲ್ಲಿ ಆ ಮಿತಿ ಸುಮಾರು ಶೇ 0.5, ಅಂದರೆ 10 ಲೀಟರಿಗೆ 50 ಮಿ.ಲೀ. ಇ20ಯಲ್ಲಿ ಅದಕ್ಕಿಂತ ಹೆಚ್ಚು. ಮಿತಿ ಮೀರಿದರೆ, ಅಥವಾ ರಾತ್ರಿಯ ತಂಪಿಗೆ ಮಿತಿಯೇ ಇಳಿದರೆ, ಎಥನಾಲ್ ನೀರನ್ನು ಹಿಡಿದುಕೊಂಡು ಪೆಟ್ರೋಲಿನಿಂದ ಬೇರೆಯಾಗಿ ತಳಕ್ಕೆ ಇಳಿಯುತ್ತದೆ. ತಳದಲ್ಲೇ ಇರುವುದು ಕಾಕ್.

ಬರೀ ಪೆಟ್ರೋಲಿನ ಕಾಲದಲ್ಲೂ ತಳದಲ್ಲಿ ನೀರು ನಿಲ್ಲುತ್ತಿತ್ತು. ಆಗ ಅದು ಒಂದೆರಡು ಚಮಚ. ಈಗ ನೀರಿನ ಜತೆ ಎಥನಾಲೂ ಇಳಿಯುವುದರಿಂದ ಅದೊಂದು ದಪ್ಪ ಪದರ. ಎಂಜಿನ್ ಅದನ್ನೇ ಎಳೆದುಕೊಂಡರೆ ಉರಿಯುವುದಿಲ್ಲ. ಆಯಿಲ್ ಬೆರೆಸಿದ ಯೆಜ್ಡಿಯಲ್ಲಿ ಇನ್ನೂ ಕೆಟ್ಟದ್ದಿದೆ: ಆಯಿಲ್ ಮೇಲಿನ ಪೆಟ್ರೋಲ್ ಪದರದಲ್ಲಿ ಉಳಿಯುತ್ತದೆ, ಕೆಳಗಿನ ಪದರದಲ್ಲಿ ಸವಕಲು ತಡೆಯುವಂಥದ್ದು ಏನೂ ಇರುವುದಿಲ್ಲ. ಮೇಲಿನ ಪೆಟ್ರೋಲಿನ ಆಕ್ಟೇನೂ ಕುಸಿದಿರುತ್ತದೆ. ಒಮ್ಮೆ ಬೇರೆಯಾದದ್ದನ್ನು ಅಲ್ಲಾಡಿಸಿ ಕೂಡಿಸಲು ಆಗುವುದಿಲ್ಲ. ಟ್ಯಾಂಕ್ ಖಾಲಿ ಮಾಡುವುದೊಂದೇ ದಾರಿ.

ಗಾಳಿಯ ತೇವವೇ ಇದಕ್ಕೆಲ್ಲ ಕಾರಣ ಎಂಬ ಮಾತು ಅರ್ಧ ಸತ್ಯ. ಮುಚ್ಚಳದ ಸಣ್ಣ ತೂತಿನಿಂದ ತೇವ ನುಗ್ಗುವುದು ಬಹಳ ನಿಧಾನ. ನಿಜವಾದ ನೀರು ಬರುವುದು ಸವೆದ ಮುಚ್ಚಳದ ವಾಷರ್ ಮೂಲಕ, ಗಾಡಿ ತೊಳೆಯುವಾಗ, ಮಳೆಯಲ್ಲಿ ನಿಲ್ಲಿಸಿದಾಗ. ಮುಚ್ಚಳದ ಕಾರ್ಕ್ ವಾಷರ್ ಬದಲಿಸುವುದು ಬಾಟಲಿ ಬಾಟಲಿ ಸೇರ್ಪಡೆ ದ್ರಾವಣ ಸುರಿಯುವುದಕ್ಕಿಂತ ಹೆಚ್ಚು ಕೆಲಸಕ್ಕೆ ಬರುತ್ತದೆ. ಅಂಗಡಿಯಲ್ಲಿ ಸಿಗುವ ತುಕ್ಕುನಿರೋಧಕ ದ್ರಾವಣಗಳು ಲೋಹವನ್ನು ಕಾಯಬಲ್ಲವು. ಅವು ಜೆಟ್ ದೊಡ್ಡ ಮಾಡುವುದಿಲ್ಲ, ಊದಿದ ರಬ್ಬರನ್ನು ಇಳಿಸುವುದೂ ಇಲ್ಲ.

ನೀರಿಗಿಂತ ಚುರುಕಾಗಿ ಹಾಳು ಮಾಡುವ ಜಾಗ ಕಾರ್ಬ್ಯುರೇಟರ್‌ನ ಬಟ್ಟಲು. ಅಲ್ಲಿರುವುದು ಕೆಲವು ಚಮಚ ಪೆಟ್ರೋಲ್. ಗಾಡಿ ನಿಂತು ಮೂರ್ನಾಲ್ಕು ವಾರವಾದರೆ ಹಗುರ ಅಂಶ ಹಾರಿ, ಉಳಿದದ್ದು ತೇವ ಹೀರಿ, ಸತುವಿನ ಮಿಶ್ರಲೋಹದ ಬಟ್ಟಲಿನ ತಳದಲ್ಲಿ ಬಿಳಿ ಪುಡಿ ಕಟ್ಟುತ್ತದೆ. ಹಿತ್ತಾಳೆ ಜೆಟ್ ಸತುವಿಗೆ ತಾಗಿ ಕೂತಲ್ಲಿ ಇದು ಇನ್ನೂ ಜೋರು, ಏಕೆಂದರೆ ಬರೀ ಪೆಟ್ರೋಲ್ ವಿದ್ಯುತ್ ಹರಿಸುವುದಿಲ್ಲ, ನೀರು ಕುಡಿದ ಎಥನಾಲ್ ಹರಿಸುತ್ತದೆ. ಆ ಪುಡಿ ಮೊದಲು ಮುಚ್ಚುವುದು ಪೈಲಟ್ ಜೆಟ್ಟನ್ನು, ಅದರ ತೂತು ಅರ್ಧ ಮಿ.ಮೀ.ಗೂ ಕಿರಿದು. ‘ಚೋಕ್ ಎಳೆದರೆ ಓಡುತ್ತದೆ, ಬಿಟ್ಟರೆ ನಿಲ್ಲುತ್ತದೆ’ ಎಂದು ಮೆಕ್ಯಾನಿಕ್ ಬಳಿ ಬರುವ ಗಾಡಿಗಳ ಕತೆ ಬಹುತೇಕ ಇದೇ.

ಆದ್ದರಿಂದ ನಿಲ್ಲಿಸುವ ರೂಢಿ ಬದಲಾಗಬೇಕು. ಎರಡು ವಾರಕ್ಕಿಂತ ಹೆಚ್ಚು ನಿಲ್ಲುವುದಿದ್ದರೆ ಮನೆ ಸೇರುವ ಮುನ್ನವೇ ಕಾಕ್ ಮುಚ್ಚಿ, ಗಾಡಿ ತಾನಾಗಿ ನಿಲ್ಲುವವರೆಗೆ ಐಡಲ್‌ನಲ್ಲಿ ಬಿಡಿ. ಟೂ-ಸ್ಟ್ರೋಕ್‌ನಲ್ಲಿ ಈ ಹೊತ್ತಿಗೆ ರೇಸ್ ಕೊಡಬೇಡಿ, ಕೊನೆಯ ಹನಿಗಳಲ್ಲಿ ಮಿಶ್ರಣ ತೀರಾ ಲೀನ್ ಆಗಿರುತ್ತದೆ. ಇಷ್ಟಕ್ಕೇ ಬಟ್ಟಲು ಖಾಲಿಯಾಗುವುದಿಲ್ಲ. ಜೆಟ್ಟಿನ ಬಾಯಿಗಿಂತ ಕೆಳಗಿನದು ಅಲ್ಲೇ ಉಳಿಯುತ್ತದೆ. ಡ್ರೈನ್ ಸ್ಕ್ರೂ ಇದ್ದರೆ ಬಿಚ್ಚಿ, ಇಲ್ಲವಾದರೆ ಬಟ್ಟಲನ್ನೇ ಇಳಿಸಿ ಒರೆಸಿ. ತಿಂಗಳೆರಡು ತಿಂಗಳಿಗಾದರೆ ಟ್ಯಾಂಕನ್ನು ಕುತ್ತಿಗೆಯವರೆಗೆ ತುಂಬಿಡಿ, ಒಳಗೆ ಗಾಳಿಗೆ ಜಾಗ ಇಲ್ಲದಿದ್ದರೆ ತೇವಕ್ಕೂ ಜಾಗವಿಲ್ಲ. ಇಡೀ ಮಳೆಗಾಲ ನಿಲ್ಲುವುದಿದ್ದರೆ ತದ್ವಿರುದ್ಧ: ಪೂರ್ತಿ ಬಸಿದು ಬೇರೆ ಗಾಡಿಗೆ ಸುರಿದುಕೊಳ್ಳಿ, ಟ್ಯಾಂಕಿಗೆ 50-100 ಮಿ.ಲೀ. ಆಯಿಲ್ ಹೊಡೆದು ಮುಚ್ಚಿ. ಅರ್ಧ ಟ್ಯಾಂಕ್ ಬಿಟ್ಟು ಊರಿಗೆ ಹೋಗುವ ಹಳೆ ಅಭ್ಯಾಸವೇ ಎಲ್ಲಕ್ಕಿಂತ ದುಬಾರಿ.

ಬಂಕಿನಲ್ಲಿ ಏನು ಸಿಕ್ಕಿತು ಎಂದು ತಿಳಿಯುವುದು

ಪ್ರೀಮಿಯಂ ಪೆಟ್ರೋಲ್ ಎಂದರೆ ಎಥನಾಲ್ ಇಲ್ಲದ್ದು ಎಂಬುದು ತಪ್ಪು ತಿಳಿವಳಿಕೆ. ಪ್ರೀಮಿಯಂ ಎಂಬ ಪದ ಆಕ್ಟೇನ್ ಮತ್ತು ಸೇರ್ಪಡೆಗಳ ಬಗ್ಗೆ ಹೇಳುತ್ತದೆಯೇ ಹೊರತು ಎಥನಾಲ್ ಬಗ್ಗೆ ಅಲ್ಲ. ನಂಬುವ ಬದಲು ಅಳೆಯಬಹುದು. 100 ಮಿ.ಲೀ. ಗಾಜಿನ ಅಳತೆ ಸಿಲಿಂಡರಿಗೆ 10 ಮಿ.ಲೀ. ನೀರು, ಅದರ ಮೇಲೆ 90 ಮಿ.ಲೀ. ಪೆಟ್ರೋಲ್ ಹಾಕಿ, ಮುಚ್ಚಿ ಅಲ್ಲಾಡಿಸಿ, ಆವಿ ಹೊರಬಿಟ್ಟು ಹತ್ತು ನಿಮಿಷ ಬಿಡಿ. ತಳದ ಪದರ 10ರಲ್ಲೇ ನಿಂತರೆ ಎಥನಾಲ್ ಇಲ್ಲ. 27-28ರ ಗೆರೆಗೆ ಏರಿದರೆ ಅದು ಇ20. ಬಯಲಿನಲ್ಲಿ, ಬೆಂಕಿಯಿಂದ ದೂರ ಮಾಡಬೇಕೆಂದು ಬೇರೆ ಹೇಳಬೇಕಿಲ್ಲ.

ಇದೇ ವಿಧಾನದಿಂದ ಕ್ಯಾನ್‌ಗಟ್ಟಲೆ ಪೆಟ್ರೋಲ್ ‘ತೊಳೆದು’ ಎಥನಾಲ್ ತೆಗೆಯುವವರಿದ್ದಾರೆ. ಅದು ಒಳ್ಳೆಯ ಐಡಿಯಾ ಅಲ್ಲ. ಎಥನಾಲ್ ಕೊಡುವ ಆಕ್ಟೇನನ್ನು ಲೆಕ್ಕಕ್ಕೆ ಹಿಡಿದೇ ಇ20 ಸಿದ್ಧವಾಗಿರುತ್ತದೆ, ಅದನ್ನು ತೆಗೆದರೆ ಉಳಿಯುವ ಪೆಟ್ರೋಲಿನ ಆಕ್ಟೇನ್ ಎಷ್ಟೆಂದು ಯಾರೂ ಹೇಳಲಾರರು. ಜತೆಗೆ ಮನೆಯಲ್ಲಿ ಲೀಟರುಗಟ್ಟಲೆ ಆವಿ, ಚರಂಡಿಗೆ ಸುರಿಯಬಾರದ ಎಥನಾಲ್ ನೀರು.

ಮುಂದೇನಾಗಬಹುದು

ಬ್ರಿಟನ್ 2021ರ ಸೆಪ್ಟೆಂಬರ್‌ನಲ್ಲಿ ಇ10ನ್ನು ಸಾಮಾನ್ಯ ಪೆಟ್ರೋಲ್ ಮಾಡಿದಾಗ ಹಳೆ ವಾಹನಗಳಿಗೆಂದು ಶೇ 5ರ ಸೂಪರ್ ದರ್ಜೆಯನ್ನು ಉಳಿಸಿಕೊಂಡಿತು. ಅಮೆರಿಕದಲ್ಲಿ ಇ15 ಪೆಟ್ರೋಲನ್ನು ಮೋಟರ್‌ಸೈಕಲ್‌ಗೆ ಹಾಕಲು ಅನುಮತಿಯೇ ಇಲ್ಲ. ಬ್ರೆಜಿಲ್ 2025ರ ಆಗಸ್ಟ್‌ನಿಂದ ಶೇ 30ಕ್ಕೆ ಏರಿತು. ನಮ್ಮ ನೀತಿ ನೋಡುತ್ತಿರುವುದು ಬ್ರೆಜಿಲ್ ಕಡೆಗೆ.

ಇನ್ನೊಂದು ಕಡೆ 2021ರ ಜುಲೈನಲ್ಲಿ ಕೇಂದ್ರ ಸರ್ಕಾರವೇ ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನಿಯಮ ತಂದಿದೆ. ಮೊದಲ ನೋಂದಣಿಯಾಗಿ 50 ವರ್ಷ ದಾಟಿ ಮೂಲರೂಪದಲ್ಲೇ ಉಳಿದ ವಾಹನಕ್ಕೆ ‘ವಿಎ’ ಸರಣಿಯ ನಂಬರ್ ಪ್ಲೇಟ್, ಹತ್ತು ವರ್ಷದ ನೋಂದಣಿಗೆ 20,000 ರೂಪಾಯಿ ಶುಲ್ಕ. 1973ರಿಂದ ಬಂದ ಮೊದಲ ಯೆಜ್ಡಿಗಳು ಈ ಗೆರೆ ದಾಟತೊಡಗಿವೆ. ಮೂಲರೂಪ ಬದಲಾಗಬಾರದು ಎಂದು ಸಾರಿಗೆ ನಿಯಮ ಹೇಳುತ್ತದೆ, ಮೂಲ ಬಿಡಿಭಾಗ ಬದಲಿಸಿಕೊಳ್ಳಿ ಎಂದು ಪೆಟ್ರೋಲಿಯಂ ಸಚಿವಾಲಯ ಹೇಳುತ್ತದೆ. ಓ-ರಿಂಗನ್ನು ಯಾರೂ ಮೂಲರೂಪದ ಬದಲಾವಣೆ ಅನ್ನಲಾರರು, ಸರಿ. ಆದರೆ ಸರ್ಕಾರವೇ ಪರಂಪರೆ ಎಂದು ಗುರುತಿಸಿದ ಗಾಡಿಗೆ ಅದರ ಕಾಲದ ಪೆಟ್ರೋಲನ್ನು ಜಿಲ್ಲೆಗೊಂದು ಬಂಕಿನಲ್ಲಾದರೂ ಇಡಿ ಎಂಬ ಬೇಡಿಕೆ, ಎಥನಾಲ್ ನೀತಿಯನ್ನೇ ನಿಲ್ಲಿಸಿ ಎಂಬುದಕ್ಕಿಂತ ಗೆಲ್ಲುವ ಸಾಧ್ಯತೆ ಹೆಚ್ಚಿರುವಂಥದ್ದು. ನ್ಯಾಯಾಲಯದ ದಾರಿ ಸದ್ಯಕ್ಕೆ ಮುಚ್ಚಿದೆ. 2021ರ ಮಾರ್ಗಸೂಚಿಯ ಆ ಮರೆತ ಶಿಫಾರಸು ಇನ್ನೂ ಕಾಗದದಲ್ಲಿದೆ.

ಶೇ 20ರ ಆಚೆಗೆ, 27ರವರೆಗೆ ಹೋಗುವ ಮಾತು ಆಗಲೇ ಕೇಳಿಬಂದಿದೆ. ಅದು ಬಂದರೆ ಗಾಳಿಯ ಅನುಪಾತ 13.1ಕ್ಕೆ ಇಳಿಯುತ್ತದೆ. ವ್ಯಾಸದ ಲೆಕ್ಕದಲ್ಲಿ 100ರಿಂದ 104ಕ್ಕೆ ಏರಿಸಿದ ಜೆಟ್ 106ರ ಹತ್ತಿರ ಬರಬೇಕಾಗುತ್ತದೆ. ಈಗ ಜೆಟ್ ಕೊಳ್ಳುವವರು ಮುಂದಿನ ಎರಡು ಮೆಟ್ಟಿಲಿನದನ್ನೂ ಕೂಡಿಸಿ ತಂದು ಡಬ್ಬಿಯಲ್ಲಿ ಹಾಕಿಟ್ಟರೆ ಸಾಕು, ಪೈಪು-ವಾಷರು ಒಮ್ಮೆ ವಿಟಾನ್ ಆದಮೇಲೆ ಮತ್ತೆ ಬಿಚ್ಚುವ ಕೆಲಸವಿಲ್ಲ.